ಎರಡು ಗೆರೆಯ ಶಿವರಾಯಿ

ಬಸಿಯ ಮೇಲೆ ಕಪ್ ಮತ್ತೆ ಕಟಕಟ ಎಂದಿತು. ಪ್ರಮಿಲಾ ಕೇಳಿಸಲಿಲ್ಲವೆಂಬಂತೆ ರೇಡಿಯೋದ ಸದ್ದು ತುಸು ಏರಿಸಿದಳು. ಎರಡು ವರ್ಷಗಳಿಂದ ಅವಳು ಗಂಡನ ಮರ್ಯಾದೆ ಕಾಯುತ್ತಿದ್ದುದು ಹೀಗೆ. ಗಜಾನನ ಪೋತದಾರ ಬಲಗೈಯನ್ನು ತೊಡೆಯ ಕೆಳಗೆ ತುರುಕಿ ಎಡಗೈಯಿಂದಲೇ ಚಹಾ ಮುಗಿಸಿದ. ಸಾತಾರೆಯ ಡಾಕ್ಟರ್ ಈ ಕೈಯನ್ನು ಹಿಡಿದು, ಹಿಂದೆ ಮುಂದೆ ತಿರುವಿ ನೋಡಿ, "ವಯಸ್ಸಾತ್ರಿ, ಚಹಾ ಕಡಿಮಿ ಮಾಡ್ರಿ" ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದಿದ್ದ. ನಲವತ್ತೆರಡು ವರ್ಷಗಳಿಂದ ಕಾದು ಕೂತ ಶಿಕ್ಷೆ ಕೊನೆಗೂ ಬಂದಿದೆ ಎಂದುಕೊಂಡವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇರಲಿಕ್ಕಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ಮನೆತನದ ನಾಣ್ಯದ ಮೇಲೆ ಇದೇ ಬಲಗೈ ಇಟ್ಟು ಸುಳ್ಳು ಆಣೆ ಮಾಡಿದ್ದ. ಸುಳ್ಳು ಹೇಳಿ ನಾಣ್ಯ ಮುಟ್ಟಿದ ಕೈ ಒಣಗಿ ಕಡ್ಡಿಯಾಗುತ್ತದೆ ಎಂಬುದು ಮನೆಯ ಮಾತು. ಮೊದಲ ಹತ್ತು ವರ್ಷ ದಿನಾ ಮುಂಜಾನೆ ಹಾಸಿಗೆಯಲ್ಲೇ ಬೆರಳು ಮಡಿಸಿ ಬಿಚ್ಚಿ ನೋಡಿಕೊಳ್ಳುತ್ತಿದ್ದ. ಆಮೇಲೆ ಮದುವೆ, ನೌಕರಿ, ಎರಡು ಮಕ್ಕಳು. ನೋಡಿಕೊಳ್ಳುವುದು ವಾರಕ್ಕೊಮ್ಮೆಗೆ ಇಳಿಯಿತು. ದೇವರ ಕೋರ್ಟಿನಲ್ಲೂ ತಾರೀಖು ಮುಂದೆ ಹೋಗುತ್ತದೆ, ವಕೀಲರಿಲ್ಲದಿದ್ದರೂ ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದ. ನಿವೃತ್ತಿಯಾದ ವರ್ಷವೇ ಕೈ ನಡುಗತೊಡಗಿತು. ಪೆನ್ಶನ್ ಕಾಗದದ ಸಹಿಯೇ ಕೋಳಿ ಕೆದರಿದ ಹಾಗೆ ಬಂದಿತ್ತು.

ನಾಣ್ಯ ಇದ್ದುದು ದೇವರ ಮನೆಯ ಬೆಳ್ಳಿಯ ಕರಡಿಗೆಯಲ್ಲಿ. ತಾಮ್ರದ್ದು, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ದಪ್ಪ, ಒಂದು ಮಗ್ಗುಲು ಸೊಟ್ಟ. ಪೋತದಾರರ ಮೂಲಪುರುಷನೊಬ್ಬ ರಾಯಗಡದ ಪಟ್ಟಾಭಿಷೇಕದ ದಿನ ಖಜಾನೆಯಲ್ಲಿ ಕೂತು ಮೂರು ದಿನ ಮೂರು ರಾತ್ರಿ ನಿದ್ದೆಯಿಲ್ಲದೆ ಚಿನ್ನದ ಹೊನ್ನುಗಳನ್ನು ಪರೀಕ್ಷಿಸಿದನಂತೆ. ಒಂದೂ ಖೋಟಾ ಒಳಗೆ ಹೋಗಲಿಲ್ಲವಂತೆ. ಶಿವಾಜಿ ಮಹಾರಾಜರು ಮೆಚ್ಚಿ ತಮ್ಮ ಕೈಯಾರೆ ಕೊಟ್ಟದ್ದು ಈ ಶಿವರಾಯಿ. ಮೂರು ದಿನ ಚಿನ್ನ ನೋಡಿದವನಿಗೆ ತಾಮ್ರದ ಬಿಲ್ಲೆ ಯಾಕೆ ಸಿಕ್ಕಿತು ಎಂದು ಹತ್ತು ತಲೆಮಾರಿನಲ್ಲಿ ಒಬ್ಬನೂ ಕೇಳಿರಲಿಲ್ಲ. ಪೋತದಾರ ಎಂದರೆ ನಾಣ್ಯವನ್ನು ಕಲ್ಲಿನ ಮೇಲೆ ಎತ್ತಿ ಹಾಕಿ ಸದ್ದು ಕೇಳಿ ಖರೆಯೋ ಖೋಟಾವೋ ಹೇಳುವವನು. ಆ ಹೆಸರು ಹೊತ್ತ ಮನೆ ಇದೊಂದು ನಾಣ್ಯವನ್ನು ಮಾತ್ರ ಯಾವತ್ತೂ ಕಲ್ಲಿನ ಮೇಲೆ ಹಾಕಿರಲಿಲ್ಲ. ಬದಲಿಗೆ ತಿಕ್ಕಿತ್ತು. ಪ್ರತಿ ದಸರೆಯ ಮುಂಜಾನೆ ಮನೆಯ ಸೊಸೆಯರಲ್ಲೊಬ್ಬಳು ಮಡಿಯಲ್ಲಿ ಕೂತು ಹುಣಿಸೆಹಣ್ಣು, ಬೂದಿ ಹಚ್ಚಿ ಅದನ್ನು ಫಳಫಳ ಹೊಳೆಯುವವರೆಗೆ ತಿಕ್ಕಬೇಕು, ಆಮೇಲೆ ಹಾಲು, ಆಮೇಲೆ ಅರಿಸಿನ. ಭಕ್ತಿ ಎಷ್ಟು ಗಟ್ಟಿಯಾಗಿತ್ತೆಂದರೆ ಅಕ್ಷರಗಳು ಒಂದೊಂದಾಗಿ ಸವೆದು ಹೋಗಿದ್ದವು. ಇನ್ನು ಮನೆಯಲ್ಲಿ ಏನಾದರೂ ಕಳೆದರೆ, ಯಾರ ಮೇಲಾದರೂ ಅನುಮಾನ ಬಂದರೆ, ನಾಣ್ಯವನ್ನು ಮಣೆಯ ಮೇಲೆ ವೀಳ್ಯದೆಲೆಯಲ್ಲಿ ಇಡುವುದು. ಎಲ್ಲರೂ ಸಾಲಾಗಿ ಬಂದು ಮುಟ್ಟಿ ಹೇಳುವುದು. ಪೋಲೀಸರ ಖರ್ಚಿಲ್ಲ.

"ದಾದಾ, ತಯಾರಾದ್ಯಾ?" ತಮ್ಮ ವಿದ್ಯಾಧರ ಪಕ್ಕದ ಪಾಲಿನ ಮನೆಯಿಂದ ಒಳಗೆ ಬಂದ. ಕೈಯಲ್ಲಿ ಅಚ್ಚಾದ ಆಮಂತ್ರಣಗಳ ಕಟ್ಟು. ಬರುವ ಭಾನುವಾರ ಊರಿನ ಇತಿಹಾಸ ಸಮಿತಿಯವರ ಪ್ರದರ್ಶನ. ಗಾಜಿನ ಪೆಟ್ಟಿಗೆಯಲ್ಲಿ ಪೋತದಾರರ ನಾಣ್ಯ, ಪಕ್ಕದಲ್ಲಿ ಪೇಟ ಸುತ್ತಿದ ವಿದ್ಯಾಧರ. ಯಾರೋ ಒಬ್ಬ ಸದಸ್ಯ ಮಾತ್ರ ತಕರಾರು ತೆಗೆದಿದ್ದ, ನಾಣ್ಯ ಅಸಲಿಯೆಂದು ಬಲ್ಲವರಿಂದ ಒಂದು ಚೀಟಿ ಬರೆಸಿಕೊಂಡು ಬನ್ನಿ ಎಂದು. ಬಲ್ಲವನು ಇದ್ದುದು ಬಸ್ಸಿನಲ್ಲಿ ಒಂದು ಗಂಟೆ ದೂರದ ವಾಯಿ ಊರಿನಲ್ಲಿ. ನಾಣ್ಯವನ್ನು ಹಿರಿಯ ಮಗನಲ್ಲದೆ ಬೇರೆಯವರು ಹೊಸ್ತಿಲು ದಾಟಿಸುವಂತಿಲ್ಲ.

"ಆ ಆತಾರ ಅಂಬಾಂವ ಮಿಕ್ಸರ್ ರಿಪೇರಿ ಮಾಡ್ತಾನಂತ. ಅವಗೇನು ತಿಳೀತದೋ ನಮ್ಮ ನಾಣ್ಯ" ಎಂದ ವಿದ್ಯಾಧರ. "ಇರ್ಲಿ. ಪುಣೆದ ದೊಡ್ಡ ದೊಡ್ಡ ಮಂದಿ ಅವನ್ನ ಕೇಳ್ತಾರಂತ. ನೀ ಹೆಚ್ಚಿಗಿ ಮಾತಾಡಬ್ಯಾಡ. ಒಂದು ಸಹಿ ಸಾಕು."

"ಅಂವ ಖೋಟಾ ಅಂದ್ರ?"

ವಿದ್ಯಾಧರ ಅಣ್ಣನನ್ನು ನೋಡಿದ ರೀತಿ ಹೇಗಿತ್ತೆಂದರೆ, ತಾಯಿಯ ನಡತೆಯ ಬಗ್ಗೆ ಯಾರೋ ಕೇಳಿದಂತಿತ್ತು. "ಅಂಥಾ ಮಾತು ಬಾಯಾಗರೆ ಯಾಕ ತರ್ತಿ? ಮುಂಜಾನೆ ಮುಂಜಾನೆ."

ಗಜಾನನನಿಗೆ ಬೇಕಾಗಿದ್ದುದು ಅದೊಂದೇ ಮಾತು. ಇಡೀ ಮನೆತನ ಒಂದು ಸಹಿಗಾಗಿ ಬಾಯಿ ತೆರೆದು ಕೂತಿದ್ದರೆ ಅವನೊಬ್ಬ ಮಾತ್ರ, ನಾಣ್ಯ ಖೋಟಾ ಆಗಲಿ ಎಂದು ಮೂರು ದಿನಗಳಿಂದ ಮನಸ್ಸಿನಲ್ಲೇ ಗಣಪತಿಗೆ ಹರಕೆ ಹೊರುತ್ತಿದ್ದ. ನಾಣ್ಯ ಖೋಟಾ ಆದರೆ ಆಣೆಯೂ ಆಣೆಯಲ್ಲ. ಆಣೆ ಆಣೆಯಲ್ಲದಿದ್ದರೆ ಕೈ ಬರೀ ಕೈ, ನಡುಗುವುದು ಬರೀ ಮುಪ್ಪು, ಚಹಾ ಕಡಿಮೆ ಮಾಡಿದರಾಯಿತು. ಆ ಆಣೆಯ ನಂತರ ಚಿಕ್ಕಮ್ಮ ಯಮೂ ಕಾಕು ಮನೆ ಬಿಟ್ಟು ಹೋದದ್ದಕ್ಕೂ ಅವನಿಗೂ ಆಗ ಏನೂ ಸಂಬಂಧ ಇರುವುದಿಲ್ಲ. ಇಷ್ಟು ಸಲೀಸಾದ ತರ್ಕ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ತನ್ನ ಬುದ್ಧಿಯ ಮೇಲೆ ಬೇಸರವೂ ಆಯಿತು.

ವಾಯಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕರಡಿಗೆಯನ್ನು ಒಳಜೇಬಿನಲ್ಲಿ ಒತ್ತಿ ಹಿಡಿದುಕೊಂಡ. ಪಕ್ಕದಲ್ಲಿ ಮೆಂತ್ಯಸೊಪ್ಪಿನ ಗಂಟು ಹೊತ್ತ ಹೆಂಗಸು ಅವನ ಎದೆಯ ಮೇಲಿನ ಕೈಯನ್ನು ನೋಡಿ, "ಕಾಕಾ, ಎದಿ ನೋಯ್ತದೇನ್ರಿ? ಇಳೀತೀರೇನು?" ಎಂದಳು. ಇಲ್ಲ ಎಂದು ತಲೆಯಾಡಿಸಿದ. ತೂಕ ಅಳತೆಯ ಇಲಾಖೆಯಲ್ಲಿ ಮೂವತ್ಮೂರು ವರ್ಷ ಇನ್ಸ್‌ಪೆಕ್ಟರಾಗಿದ್ದವನು ಅವನು. ಇಂಥ ಹೆಂಗಸರ ತಕ್ಕಡಿಯ ಕೆಳಗೆ ಅಂಟಿಸಿದ ಹುಣಿಸೆಹಣ್ಣಿನ ಉಂಡೆ ಹುಡುಕಿ ತೆಗೆದು ಸಂತೆಯ ನಡುವೆ ಎತ್ತಿ ತೋರಿಸಿದ್ದಾನೆ. ಒಬ್ಬಳು ಅತ್ತಿದ್ದಳು. ಅವಳು ಅತ್ತ ದಿನ ಮನೆಗೆ ಬಂದು ಊಟ ಮಾಡಲಾಗಿರಲಿಲ್ಲ, ಆದರೆ ಕೇಸು ಹಾಕುವುದನ್ನೂ ಬಿಟ್ಟಿರಲಿಲ್ಲ. ತಾನು ಸುಳ್ಳು ಆಣೆ ಮಾಡಿದ್ದು ಒಂದು ಶುಕ್ರವಾರ. ಅಂದು ಆಜಿ, ಅಪ್ಪನ ತಾಯಿ, ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ ಮೂಗಿನ ನತ್ತನ್ನು ಬಚ್ಚಲಿನ ಗೂಡಿನಲ್ಲೇ ಮರೆತು ಬಂದಿದ್ದಳು. ಏಳು ಮುತ್ತು, ನಡುವೆ ಒಂದು ಕೆಂಪು ಹರಳು. ಅವಳ ನಂತರ ಸ್ನಾನಕ್ಕೆ ಹೋದವನು ಅವನು. ಗೋಡೆಗೆ ತೂಗುಹಾಕಿದ ಕ್ಷೌರದ ಕನ್ನಡಿಯಲ್ಲಿ ಆವಿ ಒರೆಸಿ, ನತ್ತಿನ ತಂತಿಯನ್ನು ಎಡಹೊಳ್ಳೆಗೆ ಬೆರಳಿನಿಂದ ಒತ್ತಿ ಹಿಡಿದು ನೋಡಿಕೊಂಡ. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಹೋದ ಗಣೇಶೋತ್ಸವದ ನಾಟಕದಲ್ಲಿ ಗಲ್ಲಿಯ ಹುಡುಗನೊಬ್ಬ ಹೆಣ್ಣು ವೇಷ ಹಾಕಿದ್ದು ಕಣ್ಣಿಗೆ ಕಟ್ಟಿತ್ತೋ ಏನೋ. ಮುಖ ಸ್ವಲ್ಪ ಓರೆ ಮಾಡಿದ. ಚೆನ್ನಾಗಿ ಕಂಡಿತು. ಆ ಒಂದು ಕ್ಷಣ ಅವನಿಗೆ ಸುಖವಾಯಿತು, ಅದನ್ನೇ ಅವನು ಯಾರಿಗೂ ಹೇಳಲಾರದೆ ಹೋದದ್ದು. ಹೊರಗೆ ಹೆಜ್ಜೆಯ ಸದ್ದಾಯಿತು. ಬಾಗಿಲಿಗೆ ಚಿಲಕ ಸರಿ ಇರಲಿಲ್ಲ. ಬೆರಳು ಬೆದರಿ ನತ್ತು ಮೋರಿಗೆ ಬಿತ್ತು, ತೂತಿನೊಳಗೆ ಇಳಿಯಿತು. ಕೈ ಹಾಕಿ ತೆಗೆಯಬಹುದಿತ್ತು. ಅವನು ಮೇಲೆ ಎರಡು ಬಕೆಟ್ ನೀರು ಸುರಿದ.

ಅವನ ನಂತರ ಬಟ್ಟೆ ಒಗೆಯಲು ಬಚ್ಚಲಿಗೆ ಹೋದವಳು ಯಮೂ ಕಾಕು. ಚಿಕ್ಕಪ್ಪನ ಹೆಂಡತಿ, ಚಿಕ್ಕಪ್ಪ ಮದುವೆಯಾದ ನಾಲ್ಕನೇ ವರ್ಷಕ್ಕೆ ತೀರಿಕೊಂಡಿದ್ದ, ಮಕ್ಕಳಿಲ್ಲ. ಸಂಜೆ ಮಣೆ ಹಾಕಿದರು. ಆಜೋಬಾ, ಮನೆಯ ಅಜ್ಜ, ತಾವೇ ಕರಡಿಗೆ ತೆಗೆದರು. ಅಪ್ಪ ಮುಟ್ಟಿದರು, ಅವ್ವ ಮುಟ್ಟಿದಳು, ಹತ್ತು ವರ್ಷದ ವಿದ್ಯಾಧರ ಉತ್ಸಾಹದಿಂದ ಎರಡು ಸಲ ಮುಟ್ಟಿದ. ಗಜಾನನನೂ ಕೈ ಇಟ್ಟ. ನಾಣ್ಯ ತಣ್ಣಗಿತ್ತು, ಅರಿಸಿನ ಬೆರಳಿಗೆ ಹತ್ತಿತು. "ನನಗ ಗೊತ್ತಿಲ್ಲ" ಎಂದ. ದನಿ ನೆಟ್ಟಗೇ ಬಂತು. ಕೊನೆಗೆ ಕಾಕು. ಅವಳು ಮಣೆಯ ಮುಂದೆ ಕೂತು, ನಾಣ್ಯವನ್ನು ನೋಡಿ, ಮಾವನ ಮುಖ ನೋಡಿ, "ನಾ ಮುಟ್ಟೂದಿಲ್ಲ" ಎಂದಳು. ಯಾರೂ ಬೈಯಲಿಲ್ಲ. ಪೋತದಾರರ ಮನೆ ಸಭ್ಯಸ್ಥರ ಮನೆ. ಅವಳ ತಾಟಿಗೆ ಕೊನೆಯಲ್ಲಿ ಬಡಿಸತೊಡಗಿದರು, ದೇವರ ಮನೆಯ ಬೀಗದ ಕೈ ಅವ್ವನ ಸೊಂಟಕ್ಕೆ ಬಂತು, ಆ ದಸರೆಗೆ ನಾಣ್ಯ ತಿಕ್ಕಲು ಅವಳನ್ನು ಕರೆಯಲಿಲ್ಲ. ದೀಪಾವಳಿಯ ಮೊದಲೇ ಒಂದು ಟ್ರಂಕು ಎತ್ತಿಕೊಂಡು ಅವಳು ವಾಯಿಗೆ ಹೋದಳು, ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಗೆ. ಬಸ್ಸು ಹತ್ತಿಸಲು ಹೋದವನು ಗಜಾನನ. ಟ್ರಂಕು ಮೇಲೆ ಏರಿಸಿ ಕೊಟ್ಟಿದ್ದ. ಅವಳು ಮುಟ್ಟದೆ ಹೋದದ್ದಕ್ಕೆ ಮೊದಲು ಅವನಿಗೆ ಕೃತಜ್ಞತೆ ಹುಟ್ಟಿತ್ತು, ಅದು ಒಂದು ವಾರ ಇತ್ತು. ಆಮೇಲೆ ಅವಳ ಮೇಲೆ ಸಿಟ್ಟು ಬಂತು, ಅದು ಬಹಳ ವರ್ಷ ಬಾಳಿತು. ಮುಟ್ಟಿದ್ದರೆ ಏನಾಗುತ್ತಿತ್ತು ಇವಳಿಗೆ? ಖರೆ ಇದ್ದವಳು ಮುಟ್ಟಲು ಯಾಕೆ ಹೆದರಬೇಕು? ಒಮ್ಮೊಮ್ಮೆ, ನತ್ತನ್ನು ನಿಜಕ್ಕೂ ಕಾಕುವೇ ತೆಗೆದಿರಬಹುದು ಎಂದೂ ಅವನಿಗೆ ಅನಿಸಿದ್ದುಂಟು.

ದಸ್ತಗೀರ ಆತಾರನ ಅಂಗಡಿ ಭಾಜಿ ಮಾರುಕಟ್ಟೆಯ ಹಿಂದೆ. ಬಿಚ್ಚಿದ ಮಿಕ್ಸರುಗಳ ನಡುವೆ ಬನಿಯನ್ನಿನಲ್ಲಿ ಕೂತ ಐವತ್ತರ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. "ಬರ್ರಿ ಪೋತದಾರ ಸಾಹೇಬ್ರ, ನಿಮ್ಮ ತಮ್ಮನೋರ ಫೋನ್ ಬಂದಿತ್ತು, ಕೂಡ್ರಿ" ಎಂದು ಸ್ಟೂಲಿನ ಮೇಲಿದ್ದ ಜಾರನ್ನು ಎತ್ತಿಟ್ಟ. ಗಜಾನನ ಕರಡಿಗೆ ತೆಗೆಯುವ ಮೊದಲು ಸುತ್ತ ನೋಡಿದ. ತೆಗೆಯಲು ಯೋಗ್ಯವಾದ ಜಾಗ ಕಾಣಲಿಲ್ಲ. ಕೊನೆಗೆ ತನ್ನ ಕರವಸ್ತ್ರವನ್ನೇ ಮೇಜಿನ ಮೇಲೆ ಹಾಸಿ ಅದರ ಮೇಲೆ ನಾಣ್ಯವಿಟ್ಟು, ಮೂಲಪುರುಷನ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಮೂರನೆಯ ರಾತ್ರಿಗೆ ಬರುವಷ್ಟರಲ್ಲಿ ಆತಾರ ಬೆರಳು ಒರೆಸಿಕೊಂಡು ನಾಣ್ಯವನ್ನು ಎತ್ತಿ, ಒಮ್ಮೆ ಈಚೆ ಒಮ್ಮೆ ಆಚೆ ತಿರುವಿ, ಮತ್ತೆ ಇಟ್ಟೂ ಆಗಿತ್ತು. ಭೂತಗನ್ನಡಿಯನ್ನು ಮುಟ್ಟಲೂ ಇಲ್ಲ. ಗಜಾನನನಿಗೆ ಕೆಡುಕೆನಿಸಿತು. ಖೋಟಾ ಎನ್ನಲಿ ಎಂದು ಬಂದವನು ನಿಜ, ಆದರೂ ಒಂದು ಗಳಿಗೆ ನೋಡಬಾರದೇ? ತನ್ನ ನಲವತ್ತೆರಡು ವರ್ಷ ಈ ಮನುಷ್ಯನಿಗೆ ಎರಡು ಸಲ ತಿರುವುವ ಕೆಲಸವಾಯಿತಲ್ಲ.

"ತೂಕ ಮಾಡೂದಿಲ್ಲೇನು?" ಎಂದ.

"ಮಾಡೂಣಲ್ಲ." ಆತಾರ ಅವನ ಸಮಾಧಾನಕ್ಕೆಂದೇ ಸಣ್ಣ ತಕ್ಕಡಿ ತೆಗೆದ. ಗಜಾನನನ ಕಣ್ಣು ತಾನಾಗಿಯೇ ತಕ್ಕಡಿಯ ಮುದ್ರೆ ಹುಡುಕಿತು. ನಾಲ್ಕು ವರ್ಷದ ಹಿಂದೆ ಅವಧಿ ಮುಗಿದಿತ್ತು. ನಾಣ್ಯ ಒಂಬತ್ತು ಗ್ರಾಮಿನ ಹತ್ತಿರ ತೂಗಿತು.

"ಸಾಹೇಬ್ರ, ಇಲ್ಲಿ ನೋಡ್ರಿ. ಈ ಕಡೆ ಮೊದಲ ಶ್ರೀ ರಾಜಾ ಶಿವ ಅಂತ ಇತ್ತು. ನಿಮ್ಮ ಮನ್ಯಾವ್ರು ತಿಕ್ಕಿ ತಿಕ್ಕಿ ರಾಜಾನ್ನ ಅಳಿಸಿಬಿಟ್ಟಾರ. ಈ ಕಡೆ ಮ್ಯಾಲ ಛತ್ರ, ಕೆಳಗ ಪತಿ. ನಡುವ ಎರಡು ಗೆರಿ ಕಾಣ್ತಾವಲ್ಲ, ಅಡ್ಡ?"

ಕಂಡವು. ಆಣೆಯ ದಿನ ಬೆರಳಿಗೆ ತಾಕಿದ ಗೆರೆಗಳು ಇವೇ ಇರಬೇಕು. ಎಲ್ಲ ಸವೆದರೂ ಅವೆರಡು ಉಳಿದಿದ್ದವು.

"ಇದಕ್ಕ ದುದಾಂಡಿ ಶಿವರಾಯಿ ಅಂತಾರ್ರಿ, ಎರಡು ಗೆರೀದು ಅಂತ. ಮಹಾರಾಜರ ಕಾಲದ್ದಲ್ಲ. ಈ ಎರಡು ಗೆರಿ ಬಂದದ್ದು ಪೇಶವೆಯರ ಕೊನೀ ದಿನದಾಗ. ಕಂಪನಿ ಸರಕಾರ ಬಂದ ಮ್ಯಾಲೂ ಹೊಡದಾರ. ಮಹಾರಾಜರು ಹೋಗಿ ನೂರಾ ಇಪ್ಪತ್ತು, ನೂರಾ ಐವತ್ತು ವರ್ಷ ಆದ ಮ್ಯಾಲಿನ ಮಾಲು."

"ಅಂದ್ರ ಖೋಟಾ." ಗಜಾನನನ ದನಿಯಲ್ಲಿ ಎಷ್ಟು ಹುರುಪಿತ್ತೆಂದರೆ ಆತಾರ ಕನ್ನಡಕದ ಮೇಲಿನಿಂದ ನೋಡಿದ.

"ಛೆ ಛೆ. ನಾಣ್ಯ ಖರೇನ ಐತ್ರಿ. ಕಥಿ ಅಷ್ಟ ಖೋಟಾ." ಹೀಗೆಂದು ಅವನು ಬೆಂಚಿನ ಕೆಳಗಿನಿಂದ ಒಂದು ಬಿಸ್ಕೀಟಿನ ಡಬ್ಬಿ ಎಳೆದು ಮುಚ್ಚಳ ತೆಗೆದ. ಒಳಗೆ ತುಂಬ ಇವೇ. ಸೊಟ್ಟವು, ದಪ್ಪವು, ಎರಡೆರಡು ಗೆರೆಯವು. "ಹಳೇ ತಾಮ್ರದ ಅಂಗಡ್ಯಾಗ ಕಿಲೋದ ಲೆಕ್ಕದ ಮ್ಯಾಲೆ ಸಿಗ್ತಿದ್ದು. ಪಾಪ ಅಂತ ತಂದಿಟ್ಟೀನಿ."

ತೋರಿಸಿ ಹೋಲಿಸಲೆಂದು ಗಜಾನನ ತನ್ನ ನಾಣ್ಯವನ್ನು ಡಬ್ಬಿಯ ಮೇಲೆ ಹಿಡಿದ. ಕೈ ಸಮಯ ನೋಡಿಯೇ ನಡುಗಿತು. ಟಣ್ ಎಂದು ಒಂದು ಸದ್ದು. ಹತ್ತು ತಲೆಮಾರಿನ ಮಾನ ಬಿಸ್ಕೀಟಿನ ಡಬ್ಬಿಯಲ್ಲಿ ತನ್ನ ಬಳಗದ ಜೊತೆ ಸೇರಿಹೋಯಿತು. ಅವನು ಬಗ್ಗಿ ನೋಡಿದ. ಒಂದನ್ನು ಎತ್ತಿದ, ಅದಲ್ಲ. ಇನ್ನೊಂದನ್ನು ಎತ್ತಿದ, ಅದೂ ಇರಬಹುದು. ನಾಣ್ಯ ಪರೀಕ್ಷೆಯ ಮನೆತನದ ಹಿರಿಯ ಮಗ, ಮೂವತ್ಮೂರು ವರ್ಷ ಗುಲಗಂಜಿ ತೂಕದ ಮೋಸ ಹಿಡಿದವನು, ತನ್ನ ಮನೆಯ ದೇವರನ್ನು ಗುರುತು ಹಿಡಿಯಲಾರದೆ ಮಿಕ್ಸರ್ ಅಂಗಡಿಯಲ್ಲಿ ಬೆವರುತ್ತ ಕೂತ. ಅವನಿಗೆ ನಾಚಿಕೆಯಾಯಿತು. ನಗುವೂ ಬರುತ್ತಿತ್ತು, ಆದರೆ ಆತಾರ ನಗುತ್ತಿರಲಿಲ್ಲವಾದ್ದರಿಂದ ನಗಲಿಲ್ಲ.

"ತಡೀರಿ" ಎಂದು ಆತಾರ ಬೆರಳಾಡಿಸಿ ಒಂದನ್ನು ತೆಗೆದು ಕರವಸ್ತ್ರದ ಮೇಲಿಟ್ಟ. "ಇದ ನಿಮ್ದು. ಗೆರಿಯಾಗ ಅರಿಸಿನ ಕೂತದ ನೋಡ್ರಿ. ಉಳಿದಾವಕ್ಕ ಯಾರು ಪೂಜಿ ಮಾಡ್ಯಾರ?"

ಚೀಟಿ ಬರೆದುಕೊಟ್ಟ: ದುದಾಂಡಿ ಶಿವರಾಯಿ, ತಾಮ್ರ, ಬಹಳ ಸವೆದಿದೆ. ಹೊರಗೆ ಬಂದು ಗಜಾನನ ತಮ್ಮನಿಗೆ ಫೋನು ಮಾಡಿದ.

"ಎರಡು ಗೆರಿ ಅಂದ್ರ?" ಎಂದ ವಿದ್ಯಾಧರ ಎಲ್ಲ ಕೇಳಿದ ಮೇಲೆ. "ಸರಿಯಾಗಿ ನೋಡ್ಯಾನೇನು ಅಂವಾ? ಒಂದು ಗೆರಿ ನಮ್ಮವ್ರು ತಿಕ್ಕೂವಾಗ ಬಿದ್ದಿರಬೇಕು."

"ಎರಡೂ ಅಚ್ಚಿನ್ಯಾಗಿನವ ಅಂತ."

"ದಾದಾ, ಆಮಂತ್ರಣ ಹಂಚಿ ಆಗೇದ. ಸಾಸಿವಿ ಕಾಳಿನಷ್ಟು ಮಾತು ಹೊರಗ ಹೋಗಬಾರದು. ಆ ಚೀಟಿ ಹರದ ಹಾಕು. ನಾ ಕೊಲ್ಹಾಪುರದಾಗ ಬ್ಯಾರೆ ಒಬ್ಬನ್ನ ನೋಡ್ತೀನಿ. ಗೆರಿ ಎಣಸಲಾರದಂಥಾಂವನ್ನ ನೋಡ್ತೀನಿ." ಫೋನು ಇಟ್ಟ.

ಚೀಟಿಯನ್ನು ಗಜಾನನ ಹರಿಯಲಿಲ್ಲ. ಮಡಿಸಿ, ಹುಂಡಿಗೆ ಹಾಕುವ ಹರಕೆಯ ದುಡ್ಡಿನ ಹಾಗೆ, ಒಳಜೇಬಿಗೆ ಸೇರಿಸಿದ. ಬಿಡುಗಡೆಯ ಕಾಗದ ಅದು, ಸಹಿ ಸಮೇತ. ಎದೆ ಹಗುರಾದದ್ದು ಅವನಿಗೆ ಗೊತ್ತಾಯಿತು. ಎರಡು ಬಾಳೆಹಣ್ಣು ಕೊಂಡು ನಿಂತಲ್ಲೇ ತಿಂದ. ಇನ್ನು ಮಾಡಬೇಕಾದದ್ದು ಒಂದೇ: ಐದು ನಿಮಿಷದ ಹಾದಿಯಲ್ಲಿ ಕೃಷ್ಣಾ ಹೊಳೆಯ ಘಾಟಿನ ಮೇಲಿನ ಕೋಣೆಯಲ್ಲಿ ಎಂಬತ್ತರ ಯಮೂ ಕಾಕು ಇದ್ದಳು. ಅವಳಿಗೆ ಹೋಗಿ ಹೇಳುವುದು. ಕಾಕು, ಆ ನಾಣ್ಯಕ್ಕೆ ಅರ್ಥವೇ ಇರಲಿಲ್ಲ, ನೀನು ಮುಟ್ಟಲಿಲ್ಲವೆಂದು ಯಾರೂ ಏನೂ ಅನ್ನುವ ಹಾಗಿಲ್ಲ, ಮತ್ತೆ ಆ ನತ್ತು, ಅದು ನಾನು. ಅಷ್ಟೇ. ನಾಣ್ಯದ ಭಯ ಹೋದ ಮೇಲೆ ಖರೆ ಹೇಳಲು ಏನು ಕಷ್ಟ? ದಾರಿಯುದ್ದಕ್ಕೂ ವಾಕ್ಯವನ್ನು ಬಾಯಿಪಾಠ ಮಾಡಿದ. ಕೆಲಸದ ಮೇಲೆ ಈ ಊರಿಗೆ ನೂರು ಸಲ ಬಂದಿದ್ದ. ಈ ಘಾಟಿಗೆ ಬಂದದ್ದು ಎರಡು ಸಲ, ಅಜ್ಜ ತೀರಿದ, ಅಪ್ಪ ತೀರಿದ ಸುದ್ದಿ ಹೇಳಲು. ಪ್ರತಿ ದೀಪಾವಳಿಗೆ ಚಕ್ಕುಲಿ ಉಂಡಿಯ ಡಬ್ಬಿ ಯಾರ ಕೈಯಲ್ಲಾದರೂ ಕಳಿಸುತ್ತಿದ್ದ. ಡಬ್ಬಿ ತೊಳೆದು, ಒಳಗೆ ಒಂದು ಹಿಡಿ ಸಕ್ಕರೆ ಹಾಕಿ ಅವಳು ತಿರುಗಿ ಕಳಿಸುತ್ತಿದ್ದಳು. ಖಾಲಿ ಡಬ್ಬಿ ಯಾವತ್ತೂ ಬಂದಿರಲಿಲ್ಲ.

"ಯಾರು, ಗಜ್ಯಾನ?" ಎಂದಳು ಕಾಕು ಬಾಗಿಲಲ್ಲೇ. ಅರವತ್ತೊಂದರ ಗಜಾನನರಾವ್ ಗಜ್ಯಾ ಆಗಿ ಚಪ್ಪಲಿ ಕಳಚಿದ. "ಯಾರು ಸತ್ರು?"

"ಯಾರೂ ಇಲ್ಲ ಕಾಕು. ಸುಮ್ಮ ಬಂದೆ."

"ನಿಮ್ಮ ಮನ್ಯಾಗ ಯಾರು ಸುಮ್ಮ ಬರ್ತೀರಿ. ಕೂಡು. ಚಹಾ ಇಡ್ತೀನಿ." ಬೆನ್ನು ಬಾಗಿತ್ತು, ಕಣ್ಣು ಬಾಗಿರಲಿಲ್ಲ. ಸ್ಟೋವಿನ ಮುಂದೆ ಕೂತೇ, "ಪ್ರಮಿಲಾ ಹ್ಯಾಂಗಿದ್ದಾಳ? ವಿದ್ಯಾ ಇನ್ನೂ ಫೇಟಾ ಸುತ್ಕೊಂಡ ತಿರಗತಾನೇನು?" ಎಂದು ಕೇಳಿದಳು.

ಅವನು ಕರವಸ್ತ್ರ ಬಿಚ್ಚಿ ನಾಣ್ಯವನ್ನು ನೆಲದ ಮೇಲಿಟ್ಟ, ಪಕ್ಕದಲ್ಲಿ ಚೀಟಿ. ಆತಾರ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ: ಪೇಶವೆಯರು, ಕಂಪನಿ, ಎರಡು ಗೆರೆ. ಕಾಕು ನಾಣ್ಯವನ್ನು ಬೆರಳಲ್ಲಿ ಎತ್ತಿ ಹೆಬ್ಬೆರಳಿನಿಂದ ಒಮ್ಮೆ ತಿಕ್ಕಿದಳು, ರೂಢಿಯ ಕೈ.

"ಇದನ್ನ ಹೇಳಾಕ ಬಸ್ಸಿಗೆ ಕೂತ್ಯಾ?" ಎಂದಳು. "ನನಗ ಗೊತ್ತಿತ್ತು."

"ಗೊತ್ತಿತ್ತು?"

"ನಮ್ಮಪ್ಪ ಜೇಜುರಿ ಗುಡ್ಯಾಗ ಕಾರಕೂನ ಇದ್ದಾ ಅನ್ನೂದು ಮರತ್ಯೇನು? ಹುಂಡಿಯಾಗಿನ ನಡೀಲಾರದ ಹಳೇ ದುಡ್ಡು ಚೀಲಗಟ್ಟಲೆ ಮೂಲ್ಯಾಗ ಬಿದ್ದಿರತಿತ್ತು. ನಾವು ಹುಡುಗ್ಯಾರು ಇದರಲೇ ಕುಂಟಬಿಲ್ಲಿ ಆಡ್ತಿದ್ವಿ. ಎರಡು ಗೆರಿದು ಛಲೋ, ದಪ್ಪ ಇರತಿತ್ತು, ಮನಿ ಬಿಟ್ಟು ಜಾರತಿದ್ದಿಲ್ಲ. ನಿಮ್ಮನಿಗೆ ಬಂದು ಮೊದಲ್ನೇ ದಸರಾಕ್ಕ ತಿಕ್ಕಾಕ ಕೊಟ್ರಲ್ಲ, ನಗು ತಡೀಲಿಕ್ಕೆ ಆಗಲಾರದಕ್ಕ ಸೆರಗು ಬಾಯಾಗ ತುರಕ್ಕೊಂಡೆ. ನಿಮ್ಮವ್ವ ಭಕ್ತಿ ಅಂತ ತಿಳದ್ಲು."

ಚಹಾ ಉಕ್ಕಿತು. ಅವಳು ಸ್ಟೋವ್ ಸಣ್ಣ ಮಾಡಿದಳು. ಗಜಾನನ ಕೇಳಿದ: "ಮತ್ತ ಅವತ್ತು ಯಾಕ ಮುಟ್ಟಲಿಲ್ಲ? ಖೋಟಾ ಅಂತ ಗೊತ್ತಿದ್ರ ಮುಟ್ಟಿ ಬಿಡಬೇಕಿತ್ತಲ್ಲ. ಏನೂ ಆಗತಿದ್ದಿಲ್ಲ."

"ಕುಂಟಬಿಲ್ಲಿ ಮ್ಯಾಲೆ ಆಣಿ ಮಾಡಂದ್ರ ಹ್ಯಾಂಗ ಮಾಡ್ಲೋ? ನನಗೂ ಒಂದು ಮರ್ಯಾದಿ ಇತ್ತಲ್ಲ. ಬಾಯಿಲೇ ಕೇಳಿದ್ರ ನಾ ತುಗೊಂಡಿಲ್ಲ ಅಂತ ಬಾಯಿಲೇ ಹೇಳತಿದ್ದೆ. ಒಬ್ರೂ ಕೇಳಲಿಲ್ಲ. ಎಲ್ಲಾರೂ ಮಣಿ ಕಡೆ ನೋಡಿದ್ರಿ."

"ಇದು ಖೋಟಾ ಅಂತನರೆ ಹೇಳಬೇಕಿತ್ತು."

"ಮಾವನೋರಿಗೆ? ಆ ಮುದುಕಗ ಅದೊಂದ ಇತ್ತು. ನಾ ಬಾಯಿ ಬಿಟ್ಟಿದ್ರ ಆರ ತಿಂಗಳದಾಗ ಸಾಯತಿದ್ದಾ. ನಾ ಏನು, ಎಲ್ಲ್ಯರೆ ರೊಟ್ಟಿ ಬಡದು ತಿಂತೀನಿ ಅಂತ ಬಂದೆ." ಬಸಿಗೆ ಚಹಾ ಬಸಿದು ಅವನ ಮುಂದೆ ಸರಿಸಿದಳು. ಅವಳ ದನಿಯಲ್ಲಿ ದೂರಿರಲಿಲ್ಲ, ಅದೇ ಅವನಿಗೆ ತಡೆಯದಾಯಿತು. ದೂರಿದ್ದರೆ ಜಗಳವಾಡಬಹುದಿತ್ತು. ಈ ಹೆಂಗಸಿನ ಬದುಕನ್ನು ತಾನು ಎರಡು ಬಕೆಟ್ ನೀರಿನ ಜೊತೆ ಸುರಿದುಬಿಟ್ಟೆ ಎಂದು ಅವನಿಗೆ ಮೊದಲ ಸಲ, ಕೈಯ ಚಿಂತೆ ಇಲ್ಲದೆ, ಬರೀ ಅವಳಿಗಾಗಿ ಸಂಕಟವಾಯಿತು. ಬಾಯಿಪಾಠ ಮಾಡಿದ ವಾಕ್ಯ ಸಿದ್ಧವಾಗಿಯೇ ಇತ್ತು. ಹೇಳುವುದಿತ್ತು, ಇನ್ನೇನು ಹೇಳುವುದಿತ್ತು. ನತ್ತು ನಾನು ತೆಗೆದೆ ಎಂದರೆ ಸಾಲದು. ಯಾಕೆ ತೆಗೆದೆ ಎಂದು ಅವಳು ಕೇಳುತ್ತಾಳೆ. ಆಗ ಕನ್ನಡಿ, ಓರೆ ಮಾಡಿದ ಮುಖ, ಆ ಸುಖ.

ಕಾಕು ನಾಣ್ಯವನ್ನು ಆಚೆ ಸರಿಸಿ, ಸೆರಗಿಗೆ ಕೈ ಒರೆಸಿ, ಬರಿಯ ಅಂಗೈಯನ್ನು ಅವನ ಮುಂದೆ ಚಾಚಿದಳು. ಅಡುಗೆಮನೆಯ ಕೈ, ಸುಟ್ಟ ಕಲೆಗಳು.

"ಈಗ ಬಿಲ್ಲಿ ಇಲ್ಲ, ಮಣಿ ಇಲ್ಲ, ಮಾವನೋರೂ ಇಲ್ಲ. ನಾನೂ ಇನ್ನ ಎಷ್ಟು ದಿನ ಇರ್ತೀನಿ. ಹೇಳೋ ಗಜ್ಯಾ, ಸುಮ್ಮ ಕೇಳ್ತೀನಿ. ಆ ನತ್ತು ಏನಾತು?"

ಅವನು ತನ್ನ ಬಲಗೈಯನ್ನು ಅವಳ ಅಂಗೈಯ ಮೇಲಿಟ್ಟ. ಅದು ಬಿಸಿಯಾಗಿತ್ತು.

"ನನಗ ಗೊತ್ತಿಲ್ಲ ಕಾಕು" ಎಂದ.

ದನಿ ನೆಟ್ಟಗೇ ಬಂತು. ನಾಣ್ಯವಿದ್ದಾಗ ಸುಳ್ಳು ಹೇಳಲು ಅವನು ಒಂದಿಷ್ಟಾದರೂ ಹೆದರಿದ್ದ. ಈಗ ಅದೂ ಬೇಕಾಗಲಿಲ್ಲ. ಹೇಳಿ ಮುಗಿಸಿದ ಮೇಲೆ ಚಹಾದ ಬಸಿ ಎತ್ತಿ ಕುಡಿದ. ಕೊನೆಯ ಗುಟುಕಿನ ಹೊತ್ತಿಗೆ ಅವನಿಗೆ ತಿಳಿಯಿತು, ಬಸಿ ಬಲಗೈಯಲ್ಲಿದೆ, ಒಂದು ಹನಿಯೂ ಚೆಲ್ಲಿಲ್ಲ. ಕೈ ಕಲ್ಲಿನ ಹಾಗಿತ್ತು. ಅದನ್ನು ನೋಡಿ ಅವನಿಗೆ ಭಯವಾಯಿತು.

ಕಾಕು ಬಸಿ ತೆಗೆದುಕೊಂಡು ತೊಳೆದಳು. ನಾಣ್ಯವನ್ನು ಕರವಸ್ತ್ರದಲ್ಲಿ ಕಟ್ಟಿ ಅವನ ಕೈಗೆ ಕೊಟ್ಟಳು. "ಮನಿಗೆ ಒಯ್ದು ಮೊದಲಿನ ಜಾಗಾದಾಗ ಇಡು. ವಿದ್ಯಾಗ ಹೇಳು, ಗಾಜಿನ ಪೆಟಿಗ್ಯಾಗ ಛಲೋ ಕಾಣ್ತದ. ನಿಮಗ ಅದು ಬೇಕಾಗ್ತದ." ಚೀಟಿಯನ್ನು ಮಾತ್ರ ತಾನು ಇಟ್ಟುಕೊಂಡಳು, ಸ್ಟೋವ್ ಹೊತ್ತಿಸಲು ಬರುತ್ತದೆ ಎಂದಳು.

ಅವನು ಚಪ್ಪಲಿ ಮೆಟ್ಟಿ ನಾಲ್ಕು ಮೆಟ್ಟಿಲು ಇಳಿದಿದ್ದ. ಕೆಳಗೆ ಘಾಟಿನಲ್ಲಿ ಯಾರೋ ಕಂಬಳಿ ಒಗೆಯುತ್ತಿದ್ದರು.

"ಗಜ್ಯಾ" ಎಂದಳು ಕಾಕು ಮೇಲಿನಿಂದ.

ಅವನು ನಿಂತ.

"ಬಚ್ಚಲದ ಬಾಗಲಕ ಚಿಲಕ ಸರಿ ಇದ್ದಿಲ್ಲ ನೋಡು. ನಾ ಒಗಿಯೂ ಅರಿವಿ ಹೊತಗೊಂಡು ಹೊರಗ ನಿಂತಿದ್ದೆ." ಆಮೇಲೆ ಹೇಳಿದಳು, ಹಬ್ಬದ ಸೀರೆ ನೋಡಿ ಹೇಳುವ ಹಾಗೆ: "ನತ್ತು ನಿನಗ ಭಾಳ ಛಂದ ಒಪ್ಪಿತ್ತೋ."

ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಗಜಾನನ ಕರವಸ್ತ್ರದ ಗಂಟು ಹಿಡಿದು ಮೆಟ್ಟಿಲ ಮೇಲೆ ನಿಂತೇ ಇದ್ದ. ಸಾತಾರೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಗಂಟು ಎಡಗೈಗೆ ಹೋಯಿತು, ಬಲಗೈ ತಾನಾಗಿ ಎದ್ದು ಎಡಹೊಳ್ಳೆಯನ್ನು ಮುಟ್ಟಿ, ಅಲ್ಲೇ ಒತ್ತಿ ಹಿಡಿಯಿತು.